ಗಾಡಿ ಮಾರಿದಿರಿ ಸರಿ, ಹೆಸರು ಮಾರಿದಿರಾ?

ದಾವಣಗೆರೆ: ಮಂಡಿಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಯಜಮಾನರೊಬ್ಬರು ಮೊನ್ನೆ ಸಂಜೆ ನಮ್ಮ ಕೈಹಿಡಿದು ಅಂಗಡಿಯೊಳಕ್ಕೆ ಎಳಕೊಂಡು ಹೋದರು. ಮಂಡಕ್ಕಿ-ಮಿರ್ಚಿ ತರಿಸಿದರು. "ನೀವು ಪೇಪರ್‌ನೋರು, ಇದನ್ನ ಬರೀರಿ. ನಾಕು ಜನಕ್ಕೆ ಗೊತ್ತಾಗ್ಲಿ. ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ" ಅಂದರು.

ಹೆಸರು ಹಾಕಿಲ್ಲ. ಕಥೆ ಹಾಕಿದ್ದೇವೆ.

ಯಜಮಾನರ ಹತ್ತಿರ ಒಂದು ಹಳೇ ಓಮ್ನಿ ವ್ಯಾನ್ ಇತ್ತು. ಬೆಲ್ಲದ ಪೆಂಟಿ, ಎಣ್ಣೆ ಡಬ್ಬ ಹೊತ್ತು ಹೊತ್ತು ಅದರ ಬೆನ್ನು ಬಾಗಿತ್ತು. ದಸರಾ ಮುಗಿದ ಮೇಲೆ ಬ್ರೋಕರ್ ಒಬ್ಬನ ಮೂಲಕ ಹರಿಹರದ ಕಡೆಯ ಪಾರ್ಟಿಗೆ ಕೊಟ್ಟುಬಿಟ್ಟರು. ನೋಟು ಎಣಿಸಿಕೊಂಡರು, ಛಾಪಾ ಕಾಗದಕ್ಕೆ ಸಹಿ ಹಾಕಿದರು, ಬೀಗದ ಕೈ ಕೊಟ್ಟರು. "ಆರ್‌ಸಿ ನಾನು ಮಾಡಿಸ್ತೀನಿ, ನೀವು ನಿಶ್ಚಿಂತೆಯಿಂದಿರಿ" ಅಂದ ಬ್ರೋಕರ್.

ಯಜಮಾನರು ನಿಶ್ಚಿಂತೆಯಿಂದ ಮನೆಗೆ ಬಂದು ಬೀರು ತೆಗೆದರೆ ಇನ್ಶೂರೆನ್ಸ್ ಪಾಲಿಸಿ ಕಣ್ಣಿಗೆ ಬಿತ್ತು. ವಾಯಿದೆ ಇನ್ನೂ ಏಳು ತಿಂಗಳು! ಗಾಡಿಯೇ ಇಲ್ಲದ ಮೇಲೆ ಅದಕ್ಕೆ ವಿಮೆ ಯಾತಕ್ಕೆ? ಕಾಸಿಗೆ ಕಾಸು ಕೂಡಿಟ್ಟು ಅಂಗಡಿ ಕಟ್ಟಿದ ಜೀವ ಸುಮ್ಮನಿದ್ದೀತೇ? ಮಾರನೇ ದಿನವೇ ಪಾಲಿಸಿ ಹಿಡಿದು ವಿಮಾ ಕಚೇರಿಗೆ ಹೋದರು.

"ಸ್ವಾಮಿ, ಗಾಡಿ ಮಾರಿದೀನಿ. ಇದನ್ನ ರದ್ದು ಮಾಡಿ ಉಳಿದ ದುಡ್ಡು ಕೊಡಿ."

"ಆರ್‌ಸಿ ಯಾರ ಹೆಸರಲ್ಲಿದೆ ಯಜಮಾನ್ರೆ?"

"ಇನ್ನೂ ನನ್ನ ಹೆಸರಲ್ಲೇ. ಅವ್ರು ಮಾಡಿಸ್ಕೋತಾರಂತೆ."

"ತಗೊಂಡೋರು ಗಾಡಿಗೆ ಬೇರೆ ಪಾಲಿಸಿ ಮಾಡ್ಸಿದಾರಾ?"

"ಅದು ನಂಗೇನು ಗೊತ್ತು?"

"ಹಂಗಾದ್ರೆ ಈಗ ರದ್ದು ಮಾಡೋಕೆ ಬರಲ್ಲ."

ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. "ನನ್ನ ದುಡ್ಡು, ನನ್ನ ಪಾಲಿಸಿ, ಬ್ಯಾಡ ಅನ್ನೋಕೆ ಇವನ್ಯಾರು?" ಅಂತ ಬೈದುಕೊಂಡೇ ಮೆಟ್ಟಿಲಿಳಿದರು. ಒಂದು ವಾರ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅದೇ ಪುರಾಣ.

ಆರು ವಾರ ಕಳೆಯಿತು. ಒಂದು ಬೆಳಗ್ಗೆ ಅಂಗಡಿ ಬಾಗಿಲಿಗೆ ಪೊಲೀಸಪ್ಪ ಬಂದ. ಓಮ್ನಿ ಹರಿಹರದ ರಸ್ತೆಯಲ್ಲಿ ಸೈಕಲ್ ಸವಾರನಿಗೆ ಗುದ್ದಿತ್ತು. ಕೂಲಿ ಮಾಡುವ ಮನುಷ್ಯ, ಕಾಲು ಮುರಿದಿತ್ತು. ಗಾಡಿಯ ಓನರ್ ಯಾರು ಅಂತ ನಂಬರು ಹಾಕಿ ನೋಡಿದರೆ ಬಂದದ್ದು ಮಂಡಿಪೇಟೆಯ ವಿಳಾಸ! ಆರ್‌ಸಿ ವರ್ಗ ಆಗಿರಲೇ ಇಲ್ಲ.

ಆ ಹೊತ್ತಿನಲ್ಲಿ ಯಜಮಾನರ ಮಾನ, ಅಂಗಡಿ, ಮನೆ ಮೂರನ್ನೂ ಕಾದದ್ದು ಯಾವುದು ಗೊತ್ತೇ? ಅವರು ರದ್ದು ಮಾಡಿಸಬೇಕೆಂದು ಹೋಗಿ, ಆಗದೆ, ಬೈದುಕೊಂಡು ವಾಪಸು ತಂದಿದ್ದ ಅದೇ ಪಾಲಿಸಿ. ಗಾಡಿಗೆ ವಿಮೆ ಜೀವಂತ ಇತ್ತು. ಗಾಯಾಳುವಿನ ಪರಿಹಾರದ ಹೊಣೆ ಕಂಪನಿಯ ತಲೆಗೆ ಹೋಯಿತು. ಈಗ ಯಜಮಾನರು ಆ ಆಫೀಸರನ್ನು ಬೀದಿಯಲ್ಲಿ ಕಂಡರೆ ದೂರದಿಂದಲೇ ಕೈ ಮುಗಿಯುತ್ತಾರೆ.

ಅರ್ಧ ನಿಮ್ಮದು, ಅರ್ಧ ದಾರಿಹೋಕನದು

ನಾವೂ ಪಿಯುಸಿ ಅರ್ಧಕ್ಕೆ ಬಿಟ್ಟವರೇ. ಕಾನೂನಿನ ಪುಸ್ತಕ ತೆಗೆದರೆ ನಿದ್ದೆ ಬರುತ್ತೆ. ಆದರೂ ಈ ಗುಟ್ಟೇನು ಅಂತ ವಕೀಲರನ್ನೂ ವಿಮಾ ಏಜೆಂಟರನ್ನೂ ಕೂತು ಕೇಳಿದೆವು. ತಿಳಿದದ್ದು ಇಷ್ಟು.

ಗಾಡಿ ಪಾಲಿಸಿ ಅನ್ನೋದು ಒಂದೇ ಕಾಗದದಂತೆ ಕಂಡರೂ ಒಳಗೆ ಎರಡು ಭಾಗ. ಒಂದು, ನಿಮ್ಮ ಗಾಡಿಗೆ ಪೆಟ್ಟಾದರೆ, ಕಳುವಾದರೆ ನಿಮಗೆ ಸಿಗುವ ದುಡ್ಡು. ಇದನ್ನು 'ಓನ್ ಡ್ಯಾಮೇಜ್' ಅನ್ನುತ್ತಾರೆ. ಇನ್ನೊಂದು 'ಥರ್ಡ್ ಪಾರ್ಟಿ'. ಅಂದರೆ ನಿಮ್ಮ ಗಾಡಿಯಿಂದ ಬೇರೆಯವರು ಸತ್ತರೆ, ಗಾಯಗೊಂಡರೆ ಅವರಿಗೆ ಸಿಗುವ ಪರಿಹಾರ.

ಮೊದಲನೆಯದು ನಿಮ್ಮ ಇಷ್ಟ. ಎರಡನೆಯದು ನಿಮ್ಮ ಇಷ್ಟ ಅಲ್ಲ. 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. ಇಳಿದರೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಎರಡನೇ ಸಲ ಸಿಕ್ಕರೆ ದಂಡ 4,000.

ಪ್ರೀಮಿಯಂ ಕಟ್ಟುವವರು ನೀವೇ ಇರಬಹುದು. ಆದರೆ ಆ ಅರ್ಧ ಪಾಲಿಸಿ ಇರುವುದು ಯಾವುದೋ ಬಸ್ಸಿಗೆ ಓಡುತ್ತಿರುವ ಹುಡುಗನಿಗಾಗಿ, ತರಕಾರಿ ತಳ್ಳುಗಾಡಿಯ ಅಜ್ಜಿಗಾಗಿ, ಸೈಕಲ್ ಮೇಲಿನ ಆ ಕೂಲಿಯವನಿಗಾಗಿ. ಗಾಡಿ ರಸ್ತೆಯಲ್ಲಿ ಓಡುತ್ತಿರುವಾಗ ಅದನ್ನು ಕಿತ್ತುಕೊಳ್ಳಲು ಬಿಡುವುದಿಲ್ಲ. ಗಾಡಿಗೆ ಬೇರೆ ಕಡೆ ವಿಮೆ ಆಗಿದೆ ಅಂತ ಕಾಗದ ತೋರಿಸಿ, ಇಲ್ಲವೇ ಗಾಡಿ ಗುಜರಿಗೆ ಹೋಗಿ ನೋಂದಣಿಯೇ ರದ್ದಾಗಿದೆ ಅಂತ ತೋರಿಸಿ, ಆಮೇಲೆ ರದ್ದು. ಆಫೀಸರು ಹೇಳಿದ್ದು ಇದನ್ನೇ.

ಓಮ್ನಿಯಂಥ ಸಾವಿರ ಸಿಸಿ ಒಳಗಿನ ಖಾಸಗಿ ಕಾರಿಗೆ 2022ರ ಜೂನ್ 1ರಿಂದ ಜಾರಿಯಾದ ದರದಲ್ಲಿ ಒಂದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 2,094 ರೂಪಾಯಿ, ತೆರಿಗೆ ಬೇರೆ. ಏಳು ತಿಂಗಳಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಅದೇ ಒಂದು ಜೀವ ಹೋದರೆ ನ್ಯಾಯಾಧಿಕರಣ ಕೊಡಿಸುವ ಪರಿಹಾರಕ್ಕೆ ಕಾಯಿದೆಯಲ್ಲಿ ಇಷ್ಟೇ ಅಂತ ಮಿತಿಯಿಲ್ಲ. ಸತ್ತವನ ವಯಸ್ಸು, ದುಡಿಮೆ, ಮನೆಯಲ್ಲಿ ಉಣ್ಣುವ ಬಾಯಿಗಳನ್ನು ನೋಡಿ ಲೆಕ್ಕ ಹಾಕುತ್ತಾರೆ. ಅದು ಲಕ್ಷಗಳ ಮಾತು.

ಇನ್ನೊಬ್ಬರ ಕಥೆ

ಎಲ್ಲರಿಗೂ ಓಮ್ನಿ ಯಜಮಾನರ ಅದೃಷ್ಟ ಇರೋದಿಲ್ಲ. ಪಿ.ಬಿ. ರಸ್ತೆಯ ಕಡೆ ಹೊಲಿಗೆ ಅಂಗಡಿ ಇಟ್ಟವರೊಬ್ಬರು ತಮ್ಮ ಮೋಟಾರ್ ಸೈಕಲ್ಲನ್ನು ಪರಿಚಯದ ಹುಡುಗನಿಗೆ ಕೊಟ್ಟಿದ್ದರು. ಪಾಲಿಸಿ ಮುಗಿಯೋಕೆ ಎರಡು ತಿಂಗಳಿತ್ತು. "ಮುಂದಿನದು ಅವನು ನೋಡ್ಕೋತಾನೆ" ಅಂದುಕೊಂಡರು. ಅವನು ನೋಡಿಕೊಳ್ಳಲಿಲ್ಲ. ಆರ್‌ಸಿಯನ್ನೂ ಮಾಡಿಸಿಕೊಳ್ಳಲಿಲ್ಲ. ಹುಡುಗ ಇನ್ನೊಬ್ಬನಿಗೆ ಮಾರಿದ, ಇನ್ನೊಬ್ಬ ಮತ್ತೊಬ್ಬನಿಗೆ. ಒಂದು ದಿನ ಹಳ್ಳಿ ರಸ್ತೆಯಲ್ಲಿ ಬಿದ್ದ ಮುದುಕರೊಬ್ಬರ ಮನೆಯವರು ಪರಿಹಾರಕ್ಕೆ ಅರ್ಜಿ ಹಾಕಿದರು. ಮೂರು ವರ್ಷದ ಹಿಂದೆ ಗಾಡಿ ಮಾರಿ ಮರೆತವರ ಅಂಗಡಿಗೆ ನ್ಯಾಯಾಧಿಕರಣದ ನೋಟಿಸು ಬಂತು. ಪ್ರತಿವಾದಿ ಅಂತ ಅವರ ಹೆಸರೇ!

"ನಾನು ಮಾರಿದೀನಿ ಸ್ವಾಮಿ, ಛಾಪಾ ಕಾಗದ ಐತೆ" ಅಂತ ವಕೀಲರ ಮುಂದೆ ಹಿಡಿದರು. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದು ನಿಮಗೂ ಅವನಿಗೂ ನಡುವಿನ ಮಾತು. ಗಾಯಾಳುಗೆ ಇದರ ಸಂಬಂಧ ಇಲ್ಲ" ಅಂದರು.

ವಕೀಲರು ಹೇಳಿದ್ದು ಸುಳ್ಳಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಮೊಕದ್ದಮೆ ಬಂದಿತ್ತು. ಒಂದು ಕಾರು ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿತ್ತು. ದಾಖಲೆಯಲ್ಲಿ ಮಾತ್ರ ಮೊದಲನೆಯವನ ಹೆಸರೇ ಉಳಿದಿತ್ತು. 2009ರಲ್ಲಿ ಅಪಘಾತ. ಯಾರು ಹೊಣೆ? ಕಾಯಿದೆಯ 2ನೇ ಕಲಮಿನ 30ನೇ ಉಪಕಲಮಿನಲ್ಲಿ 'ಓನರ್' ಅಂದರೆ ಯಾರ ಹೆಸರಲ್ಲಿ ನೋಂದಣಿ ಇದೆಯೋ ಅವನೇ ಎಂದಿದೆ, ಆದ್ದರಿಂದ ದಾಖಲೆಯ ಮಾಲೀಕನೇ ಹೊಣೆ ಎಂದಿತು ನ್ಯಾಯಾಲಯ. ಪೆಟ್ಟು ತಿಂದವರು ಗಾಡಿ ಯಾರಿಂದ ಯಾರಿಗೆ ಹೋಯಿತು ಅಂತ ಊರೂರು ಹುಡುಕಿಕೊಂಡು ತಿರುಗಬೇಕಾಗಿಲ್ಲ ಅನ್ನೋದು ಅದರ ತಿರುಳು. ಈ ಮಾತು ನ್ಯಾಯವೇ ಅಲ್ಲವೇ? ಕಾಲು ಮುರಿದವನು ಆಸ್ಪತ್ರೆಯಲ್ಲಿ ಮಲಗಬೇಕೋ, ಬ್ರೋಕರ್‌ಗಳ ಹಿಂದೆ ಕುಂಟಬೇಕೋ?

ತೀರ್ಪಿನ ದುಡ್ಡು ಕಟ್ಟದಿದ್ದರೆ ಮುಂದೇನು? ಕಾಯಿದೆಯ 174ನೇ ಕಲಂ ಇದೆ. ನ್ಯಾಯಾಧಿಕರಣ ಜಿಲ್ಲಾಧಿಕಾರಿಗೆ ಪತ್ರ ಕೊಟ್ಟು ಭೂಕಂದಾಯದ ಬಾಕಿ ವಸೂಲಿ ಮಾಡಿದ ಹಾಗೆ ವಸೂಲಿ ಮಾಡಿಸಬಹುದು. ಬೀದಿಲಿ ಹೋಗೋ ಮಾರಿನ ಮನೆಗೆ ಕರೆದಂತೆ ಅನ್ನೋದು ಇದಕ್ಕೇ.

ಹದಿನಾಲ್ಕು ದಿನದ ಲೆಕ್ಕ

ಹಾಗಾದರೆ ಮಾರಿದ ಮೇಲೆ ಪಾಲಿಸಿ ಯಾರದು? ಇದಕ್ಕೂ ಕಾಯಿದೆಯಲ್ಲೇ ಉತ್ತರವಿದೆ. 157ನೇ ಕಲಂ ಪ್ರಕಾರ ಗಾಡಿ ಕೈ ಬದಲಾದ ದಿನದಿಂದಲೇ ವಿಮೆಯೂ ಹೊಸ ಮಾಲೀಕನಿಗೆ ಹೋಯಿತು ಅಂತ ತಿಳಿಯಬೇಕು. ಹೊಸ ಮಾಲೀಕ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯಲ್ಲಿ ಹೆಸರು ಬದಲಿಸಿಕೊಳ್ಳಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಕೊಂಡುಕೊಳ್ಳುವವರು ಕಿವಿ ನೆಟ್ಟಗೆ ಮಾಡಿ ಕೇಳಬೇಕು. ತಾನಾಗಿ ವರ್ಗವಾಗುವುದು ಥರ್ಡ್ ಪಾರ್ಟಿ ಭಾಗ ಮಾತ್ರ. ಓನ್ ಡ್ಯಾಮೇಜ್ ಭಾಗ ತಾನಾಗಿ ಬರೋದಿಲ್ಲ ಅಂತ 1990ರ ದಶಕದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಪಾಲಿಸಿ ಹಳೇ ಓನರ್ ಹೆಸರಲ್ಲೇ ಬಿಟ್ಟು, ಗಾಡಿ ಕಳುವಾದ ಮೇಲೆ ಕ್ಲೇಮು ಹಾಕಿದರೆ ಕಂಪನಿ "ನೀವ್ಯಾರು?" ಅಂತ ಕೇಳುತ್ತೆ. ಓನರ್-ಡ್ರೈವರಿಗೆ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಪಾಲಿಸಿಯಲ್ಲಿ ಹೆಸರಿದ್ದವನದು, ಸ್ಟೇರಿಂಗ್ ಹಿಡಿದವರೆಲ್ಲರದಲ್ಲ.

ಮಾರಿದವರಿಗೂ 14 ದಿನದ ಗಡುವೇ. ಒಂದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಫಾರಂ 29 ತುಂಬಿ ಆರ್‌ಟಿಓ ಕಚೇರಿಗೆ ತಿಳಿಸಬೇಕು ಅನ್ನುತ್ತೆ 50ನೇ ಕಲಂ. ಕೊಂಡವರಿಗೆ 30 ದಿನ, ಅವರದು ಫಾರಂ 30. ಸಾಲದ ಗಾಡಿಯಾದರೆ ಸಾಲ ತೀರಿಸಿ, ಬ್ಯಾಂಕಿನವರ ಸಹಿ ಹಾಕಿಸಿದ ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು.

ನಮ್ಮೂರಲ್ಲಿ ನಡೆಯೋದೇನು? ಮಾರುವವರು ಖಾಲಿ ಫಾರಂಗಳಿಗೆ ಸಹಿ ಒತ್ತಿ ಬ್ರೋಕರ್ ಕೈಗೆ ಕೊಡುತ್ತಾರೆ. ಬ್ರೋಕರ್ ಅದನ್ನು ಡ್ರಾಯರಿನಲ್ಲಿಟ್ಟು, ಗಿರಾಕಿ ಸಿಗುವ ತನಕ ಕಾಯುತ್ತಾನೆ. ಸಿಕ್ಕವನು ಮತ್ತೊಬ್ಬ ಬ್ರೋಕರ್. ನಡುವೆ ತೆರಿಗೆ, ಖರ್ಚು ಉಳೀತು ಅಂತ ಎಲ್ಲರಿಗೂ ಖುಷಿ. ಕೆಎ-17 ನಂಬರಿನ ಕೆಳಗೆ ನಿಮ್ಮ ಹೆಸರು ಹಂಗೇ ಊರೂರು ತಿರುಗುತ್ತಿರುತ್ತೆ. ಟ್ರಾಫಿಕ್ ದಂಡದ ಚಲನ್ನು ನಿಮಗೆ. ಗಾಡಿ ಓಡಿಸಿದವನು ಯಾರು ಹೇಳಿ ಅಂತ ಪೊಲೀಸರ 133ನೇ ಕಲಮಿನ ನೋಟಿಸು ನಿಮಗೆ. ಕಿಟಕಿ ಗಾಜಿನ ಫಾಸ್ಟ್ಯಾಗ್ ತೆಗೆಸದಿದ್ದರೆ ಟೋಲಿನ ದುಡ್ಡೂ ನಿಮ್ಮ ಖಾತೆಯದ್ದೇ.

ಬ್ರೋಕರ್‌ಗಳೆಲ್ಲ ಕೆಟ್ಟವರಲ್ಲ. ಅವರಿಗೊಂದು ಶಿಸ್ತು ತರಲೆಂದೇ 2023ರ ಏಪ್ರಿಲ್ 1ರಿಂದ ಕೇಂದ್ರದ ಹೊಸ ನಿಯಮ ಬಂದಿದೆ. ಹಳೇ ಗಾಡಿ ವ್ಯಾಪಾರಕ್ಕೆ ಆರ್‌ಟಿಓದಿಂದ ಅಧಿಕಾರಪತ್ರ ಪಡೆದ ಡೀಲರಿಗೆ ನೀವು ಗಾಡಿ ಒಪ್ಪಿಸಿ ಫಾರಂ 29ಸಿ ಮೂಲಕ ತಿಳಿಸಿದರೆ, ಅಲ್ಲಿಂದ ಮುಂದೆ ಆ ಡೀಲರೇ ಮಾಲೀಕನೆಂದು ಪರಿಗಣನೆ. "ನಿಮ್ಮ ಅಧಿಕಾರಪತ್ರ ತೋರಿಸಿ" ಅಂತ ಕೇಳಲು ನಾಚಿಕೆ ಯಾಕೆ? ಗೋಡೆಗೆ ಮೊಳೆ ಹೊಡೆದು ತೂಗಿಸಿರಬೇಕಾದ ಕಾಗದ ಅದು.

ದುಡ್ಡು ವಾಪಸು ಬರುತ್ತಾ?

ಬರುತ್ತೆ. ದಾರಿ ಸರಿ ಇದ್ದರೆ ಬರುತ್ತೆ. ಆರ್‌ಸಿ ಕೊಂಡವನ ಹೆಸರಿಗೆ ಆಗಿರಬೇಕು. ಅವನು ತನ್ನ ಹೆಸರಿನಲ್ಲಿ ಹೊಸ ಪಾಲಿಸಿ ಮಾಡಿಸಿರಬೇಕು. ಅದೆರಡರ ನಕಲು ಲಗತ್ತಿಸಿ, ಒಂದು ಅರ್ಜಿ ಬರೆದು ನಿಮ್ಮ ಕಂಪನಿಗೆ ಕೊಡಿ. ಆ ವರ್ಷ ಕ್ಲೇಮು ಹಾಕಿರಬಾರದು.

ಎಷ್ಟು ಬರುತ್ತೆ? ಹಿಂದೆ 2002ರ ಮೋಟಾರ್ ಟ್ಯಾರಿಫ್ ಕಾಲದಲ್ಲಿ ಕೋಷ್ಟಕವೊಂದಿತ್ತು. ಗಿರಾಕಿ ತಾನಾಗಿ ರದ್ದು ಮಾಡಿಸಿದರೆ ಒಂದು ತಿಂಗಳಿಗೇ ನೂರಕ್ಕೆ ಇಪ್ಪತ್ತು ಕಂಪನಿ ಇಟ್ಟುಕೊಳ್ಳುತ್ತಿತ್ತು, ಆರು ತಿಂಗಳಾಗಿದ್ದರೆ ಎಪ್ಪತ್ತು, ಎಂಟು ತಿಂಗಳು ದಾಟಿದರೆ ಪೂರ್ತಿ. 2024ರ ಜೂನ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಸುತ್ತೋಲೆ ಬಂತು. ಒಂದು ವರ್ಷದೊಳಗಿನ ಪಾಲಿಸಿಯನ್ನು ಗಿರಾಕಿ ರದ್ದು ಮಾಡಿಸಿದರೆ, ಕ್ಲೇಮು ಇಲ್ಲದಿದ್ದರೆ, ಉಳಿದ ಅವಧಿಗೆ ತಕ್ಕಷ್ಟು ಪ್ರೀಮಿಯಂ ವಾಪಸು ಕೊಡಬೇಕು ಅಂತ ಅದರಲ್ಲಿದೆ.

ಲೆಕ್ಕಕ್ಕೆ ಒಂದು ಪಾಲಿಸಿ ಆರು ಸಾವಿರದ್ದು ಅಂತಿಟ್ಟುಕೊಳ್ಳಿ. ಐದು ತಿಂಗಳು ಕಳೆದಿದೆ, ಏಳು ಉಳಿದಿದೆ. ಹಳೇ ಕೋಷ್ಟಕದಲ್ಲಿ 2,400 ಬರುತ್ತಿತ್ತು. ತಿಂಗಳಿನ ಲೆಕ್ಕದಲ್ಲಿ 3,500. ಸಂತೋಷದ ಸಂಗತಿ. ಆದರೆ ಈ ಮೂರೂವರೆ ಸಾವಿರಕ್ಕಾಗಿ ಆತುರ ಪಟ್ಟು ಆರ್‌ಸಿ ವರ್ಗವಾಗುವ ಮೊದಲೇ ಪಾಲಿಸಿಗೆ ಕೈ ಹಾಕಬೇಡಿ ಅನ್ನೋದೇ ನಮ್ಮ ತಕರಾರು.

ಇನ್ನೊಂದು ದಾರಿಯೂ ಇದೆ. ರದ್ದು ಮಾಡಿಸುವ ಗೋಜೇ ಬೇಡ. ಉಳಿದ ಏಳು ತಿಂಗಳ ವಿಮೆಯನ್ನು ಗಾಡಿಯ ಜೊತೆಗೇ ಕೊಡಿ, ಅದರ ಬೆಲೆಯನ್ನು ವ್ಯಾಪಾರದಲ್ಲೇ ಸೇರಿಸಿ. ಎತ್ತು ಮಾರುವಾಗ ಹಗ್ಗವನ್ನೂ ಸೇರಿಸಿ ಬೆಲೆ ಹೇಳೋದಿಲ್ಲವೇ? 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೆ ಕಟ್ಟಬೇಕೆಂಬ ನಿಯಮ ಬಂದ ಮೇಲಂತೂ ಈ ಹಗ್ಗ ಉದ್ದವಾಗಿದೆ. ಬೆಲೆ ಕಟ್ಟದೆ ಕೊಡಬೇಡಿ.

ಬೀರುವಿನಲ್ಲಿ ಮರೆತ ಗಂಟು

ಓಮ್ನಿ ಯಜಮಾನರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಅವರು ಐದು ವರ್ಷ ಒಂದೂ ಕ್ಲೇಮು ಹಾಕಿರಲಿಲ್ಲ. ಅದಕ್ಕೆ 'ನೋ ಕ್ಲೇಮ್ ಬೋನಸ್' ಅಂತ ರಿಯಾಯಿತಿ ಇದೆ. ಮೊದಲ ವರ್ಷಕ್ಕೆ ನೂರಕ್ಕೆ 20, ಆಮೇಲೆ 25, 35, 45, ಐದನೆಯದಕ್ಕೆ 50. ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಅಷ್ಟು ಕಡಿತ.

ಈ ಬೋನಸ್ಸು ಗಾಡಿಯದಲ್ಲ, ಮನುಷ್ಯನದು. ಗಾಡಿ ಜೊತೆ ಕೊಂಡವನಿಗೆ ಹೋಗೋದಿಲ್ಲ. ಪಾಲಿಸಿ ಅವನ ಹೆಸರಿಗೆ ಬದಲಾಗುವಾಗ ಆ ರಿಯಾಯಿತಿಯ ಮೊತ್ತವನ್ನು ಕಂಪನಿ ಅವನಿಂದ ಕಟ್ಟಿಸಿಕೊಳ್ಳುತ್ತೆ. ನೀವು ಗಾಡಿ ಮಾರಿದ ದಾಖಲೆ ತೋರಿಸಿ ಕಂಪನಿಯಿಂದ ಒಂದು ಪತ್ರ ಪಡೆದಿಟ್ಟುಕೊಂಡರೆ, ಮೂರು ವರ್ಷದೊಳಗೆ ಕೊಳ್ಳುವ ಮುಂದಿನ ಗಾಡಿಗೆ ಅದೇ ರಿಯಾಯಿತಿ ಸಿಗುತ್ತೆ. ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ ಹನ್ನೆರಡು ಸಾವಿರ ಅಂದರೆ ಅರ್ಧಕ್ಕರ್ಧ, ಆರು ಸಾವಿರ ಉಳಿಯಿತು. ಯಜಮಾನರು ಮೂರು ಕಾಸಿಗೆ ಜಗಳ ಆಡಿ ಆರು ಕಾಸಿನ ಗಂಟನ್ನು ಬೀರುವಿನಲ್ಲೇ ಮರೆತಿದ್ದರು. ಈ ಮಾತು ಹೇಳಿದಾಗ ಅವರ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು.

ಕ್ರಮ ಇಷ್ಟೇ

ಗಾಡಿ ಮಾರುವ ದಿನ ಕೊಂಡವರ ಆಧಾರ್, ವಿಳಾಸ, ಫೋನು, ಎರಡು ಫೋಟೋ ಇಟ್ಟುಕೊಳ್ಳಿ. ರಸೀದಿಯಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ. ಫಾರಂ 29ನ್ನು ನೀವೇ ಸಲ್ಲಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಖಾಲಿ ಫಾರಮಿಗೆ ಸಹಿ ಬೇಡ. ಸಾಧ್ಯವಾದರೆ ಕೊಂಚ ಹಣ ತಡೆದಿಟ್ಟು, ಆರ್‌ಸಿ ವರ್ಗವಾದ ದಿನ ಲೆಕ್ಕ ಚುಕ್ತಾ ಮಾಡಿಕೊಳ್ಳುವ ಮಾತಾಗಲಿ. ವಿಮಾ ಕಂಪನಿಗೆ ಗಾಡಿ ಮಾರಿದ ಸುದ್ದಿಯನ್ನು ಬರವಣಿಗೆಯಲ್ಲಿ ತಿಳಿಸಿ. ಆರ್‌ಸಿ ಬದಲಾದದ್ದನ್ನು ನಂಬರು ಹಾಕಿ ಕಣ್ಣಾರೆ ನೋಡಿ. ಅದಾದ ಮೇಲೆ ಪಾಲಿಸಿ ವರ್ಗವೋ ರದ್ದೋ ತೀರ್ಮಾನ ಮಾಡಿ. ಬೋನಸ್ ಪತ್ರ ಕೇಳಿ ತಗೊಳ್ಳಿ.

ಮೊದಲು ಹೆಸರು, ಆಮೇಲೆ ವಿಮೆ. ಈ ಕ್ರಮ ತಿರುವುಮುರುವು ಆಗಬಾರದು.

ಇಷ್ಟೆಲ್ಲ ಬರೆದ ನಾವೇನು ಬೃಹಸ್ಪತಿಗಳಲ್ಲ. ಎರಡು ವರ್ಷದ ಹಿಂದೆ ನಮ್ಮ ಸ್ಕೂಟರನ್ನು ಭಾಮೈದನಿಗೆ ಕೊಟ್ಟಿದ್ದೆವು. ಮನೆಯವನೇ ತಾನೇ, ಆರ್‌ಸಿ ಯಾಕೆ ಅಂತ ಸುಮ್ಮನಿದ್ದೆವು. ಮಂಡಿಪೇಟೆಯಿಂದ ಬಂದ ರಾತ್ರಿ ಫೋನಿನಲ್ಲಿ ನಂಬರು ಹಾಕಿ ನೋಡಿದರೆ ಓನರ್ ನಾವೇ, ವಿಮೆ ಮುಗಿದು ನಾಲ್ಕು ತಿಂಗಳು! ಅವನು ದಿನಾ ಅದರ ಮೇಲೆ ಮಗುವನ್ನು ಸ್ಕೂಲಿಗೆ ಬಿಡುತ್ತಿದ್ದಾನೆ.

"ಭಾವ, ಈ ಹೊತ್ನಲ್ಲಿ ಇನ್ಶೂರೆನ್ಸ್ ಅಂತೀರಲ್ಲ" ಅಂತ ನಕ್ಕ. ನಾವು ನಗಲಿಲ್ಲ. ಮಾರನೇ ಬೆಳಗ್ಗೆ ಮಗು ನಡೆದುಕೊಂಡು ಸ್ಕೂಲಿಗೆ ಹೋಯಿತು. ಹನ್ನೊಂದು ಗಂಟೆಗೆ ಪಾಲಿಸಿ ಆಯಿತು. ಆರ್‌ಸಿಗೆ ಅರ್ಜಿ ಬಿದ್ದಿದೆ.

ಬಸ್ಸಿನಲ್ಲಿ ಕೂತು ಇದನ್ನು ಓದುತ್ತಿರುವ ಮಹನೀಯರೇ, ನೀವು ಮಾರಿದ ಹಳೇ ಗಾಡಿ ಈಗ ಯಾವ ರಸ್ತೆಯಲ್ಲಿದೆ, ಯಾರ ಹೆಸರಲ್ಲಿದೆ? ನಿಮ್ಮ ಸ್ಟಾಪು ಬರುವುದರೊಳಗೆ ಒಂದು ಸಲ ನೋಡಿಬಿಡಿ.